ಹೈದರಾಬಾದ್‌ನಲ್ಲಿ ಒತ್ತಿದರೆ ಕಲಬುರಗಿಯಲ್ಲಿ ಹಾರ್ನ್

ಕಳೆದ ವರ್ಷ ಫೆಬ್ರುವರಿಯ ಒಂದು ಸೋಮವಾರ ಸಂಜೆ. ಶರಣಬಸವೇಶ್ವರ ಗುಡಿಗೆ ಹೋಗಿ ಆಗಷ್ಟೇ ಮನೆಗೆ ಬಂದಿದ್ದೆವು. ಅಪ್ಪ ಅಂಗಳದ ಕಟ್ಟೆ ಮೇಲೆ ಕೂತಿದ್ದರು. ನಾನು ಒಳಗೆ ಚಹಾಕ್ಕೆ ಇಟ್ಟಿದ್ದೆ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ವಯಸ್ಸಾದವರ ದನಿ, ಹಿಂದಿಯಲ್ಲಿ ಮಾತಾಡಿದರು. "ಬೇಟಿ, ತಪ್ಪು ತಿಳ್ಕೋಬೇಡ. ನಿಮ್ಮ ಕಾರಿನ ಹಿಂದಿನ ಎಡಗಡೆ ಬಾಗಿಲು ಸರಿಯಾಗಿ ಹಾಕಿಲ್ಲ. ಒಂದು ಸಲ ನೋಡು."

ಹೊರಗೆ ಬಂದು ನೋಡಿದೆ. ನಿಜ. ಅಪ್ಪ ಇಳಿಯುವಾಗ ಬಾಗಿಲನ್ನು ಮೆಲ್ಲಗೆ ತಳ್ಳಿದ್ದರು, ಅದು ಅರ್ಧಕ್ಕೆ ನಿಂತಿತ್ತು. ಗಟ್ಟಿಯಾಗಿ ಹಾಕಿದೆ. "ಈಗ ಸರಿಯಾಯಿತು" ಎಂದು ಫೋನಿನಲ್ಲಿ ಅವರೇ ಹೇಳಿದರು.

ನನ್ನ ಕೈಕಾಲು ತಣ್ಣಗಾದವು. ಬೀದಿಯ ಆ ತುದಿ, ಈ ತುದಿ ನೋಡಿದೆ. ಯಾರೂ ಇರಲಿಲ್ಲ. "ನೀವು ಯಾರು, ಎಲ್ಲಿಂದ ನೋಡ್ತಿದ್ದೀರಿ?" ಎಂದು ಕೇಳಿದೆ. ಅವರು ನಮ್ಮ ಕಾರಿನ ಹಳೆಯ ಮಾಲೀಕರು. ಇದ್ದದ್ದು ಹೈದರಾಬಾದ್‌ನ ತಮ್ಮ ಮನೆಯಲ್ಲಿ. ಇಲ್ಲಿಂದ ಸುಮಾರು 220 ಕಿಲೋಮೀಟರ್. ಮಾರಾಟದ ಕಾಗದದಲ್ಲಿ ನನ್ನ ನಂಬರ್ ಇತ್ತಂತೆ, ಹುಡುಕಿ ಮಾಡಿದ್ದರು.

ಕಾರು ಕೊಂಡ ಕಥೆ ಚಿಕ್ಕದು. ನಾನು ಕಪನೂರು ಕಡೆಯ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಅಪ್ಪನಿಗೆ ಹೃದಯದ ಆಪರೇಷನ್ ಆದ ಮೇಲೆ ತಿಂಗಳಿಗೆ ಎರಡು ಸಲ ಆಸ್ಪತ್ರೆ ಇದ್ದೇ ಇದೆ. ನಮ್ಮ ಊರಿನ ಬಿಸಿಲು ಗೊತ್ತಲ್ವಾ, ಏಪ್ರಿಲ್, ಮೇ ತಿಂಗಳಲ್ಲಿ 42, 43 ಡಿಗ್ರಿ ನಮಗೆ ಹೊಸದಲ್ಲ. ಬಿಸಿಲಲ್ಲಿ ನಿಂತ ಕಾರಿನೊಳಗೆ ಅಂಥವರನ್ನು ಕೂಡಿಸುವುದು ಅಂದರೆ ನನಗೆ ಎದೆ ಡವಡವ. ದೂರದಿಂದಲೇ ಎಸಿ ಹಾಕುವ ಸೌಲಭ್ಯ ಇರುವ ಕಾರು ಬೇಕು ಅಂತ ಹುಡುಕಿದೆವು. ಹೊಸದಕ್ಕೆ ದುಡ್ಡು ಸಾಲಲಿಲ್ಲ. ಹೈದರಾಬಾದ್‌ನ ಒಬ್ಬ ಡೀಲರ್ ಹತ್ತಿರ 2022ರ ಮಾಡೆಲ್ ಒಂದು ಸಿಕ್ಕಿತು. ಪೆಟ್ರೋಲ್, ಆಟೋಮ್ಯಾಟಿಕ್. ಜನವರಿಯಲ್ಲಿ ತಂದೆವು. ಆ ಕಡೆಯ ಎನ್‌ಒಸಿ ಬಂತು, ಈ ಕಡೆ ರೋಡ್ ಟ್ಯಾಕ್ಸ್ ಕಟ್ಟಿದೆವು, ಕೆಎ-32 ನಂಬರಿಗೆ ಅರ್ಜಿ ಹಾಕಿ ಕಾಯುತ್ತಿದ್ದೆವು. ಎರಡು ಕೀ ನಮ್ಮ ಕೈಯಲ್ಲಿದ್ದವು. ಎಲ್ಲ ನಮ್ಮದಾಯಿತು ಅಂತಲೇ ತಿಳಿದಿದ್ದೆವು. ಮೂರನೆಯ ಕೀ ಹೈದರಾಬಾದ್‌ನಲ್ಲಿ ಒಬ್ಬರ ಫೋನಿನಲ್ಲಿದೆ ಅಂತ ಡೀಲರ್ ಹೇಳಲಿಲ್ಲ. ಕೇಳಬೇಕು ಅಂತ ನಮಗೂ ಹೊಳೆಯಲಿಲ್ಲ.

ಆ ಹಿರಿಯರು ಕಾರು ಮಾರಿದ ದಿನವೇ ಫೋನಿನಿಂದ ಕಾರು ಕಂಪನಿಯ ಆ್ಯಪ್ ಅಳಿಸಿದ್ದರಂತೆ. ಅಷ್ಟಕ್ಕೆ ಮುಗಿಯಿತು ಅಂದುಕೊಂಡಿದ್ದರು. ಆಮೇಲೆ ಅವರ ಮಗ ಅದೇ ಕಂಪನಿಯ ಹೊಸ ಕಾರು ಕೊಡಿಸಿದ. ಅದಕ್ಕೆಂದು ಆ್ಯಪ್ ಮತ್ತೆ ಹಾಕಿ ಲಾಗಿನ್ ಆದರೆ, ಹೊಸ ಕಾರಿನ ಪಕ್ಕದಲ್ಲಿ ಹಳೆಯದೂ ಕೂತಿದೆ. ಕಲಬುರಗಿಯ ನಕ್ಷೆ, ಟೈರಿನ ಗಾಳಿ, ಪೆಟ್ರೋಲ್ ಎಷ್ಟಿದೆ, ಯಾವ ಬಾಗಿಲು ತೆರೆದಿದೆ, ಎಲ್ಲವೂ. "ನಾನು ನೋಡಬಾರದು ಬೇಟಿ, ಆದರೆ ಬಾಗಿಲು ತೆರೆದಿದೆ ಅಂತ ಮೆಸೇಜ್ ಬಂದಾಗ ಸುಮ್ನೆ ಇರಲಾಗಲಿಲ್ಲ" ಎಂದರು.

ಅವರ ಜಾಗದಲ್ಲಿ ಬೇರೆ ಯಾರಾದರೂ ಇದ್ದಿದ್ದರೆ? ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪ್ರತಿ ಸೋಮವಾರ ಗುಡಿಗೆ ಎಷ್ಟು ಹೊತ್ತಿಗೆ ಹೋಗುತ್ತೇವೆ, ಮನೆ ಯಾವಾಗ ಖಾಲಿ ಇರುತ್ತದೆ, ಮಗಳು ಟ್ಯೂಷನ್‌ನಿಂದ ಎಷ್ಟಕ್ಕೆ ಬರುತ್ತಾಳೆ. ಕಾರಿಗೆ ಇದೆಲ್ಲ ಗೊತ್ತಿತ್ತು.

ಆ ಸಂಜೆ ಫೋನ್ ಇಡುವ ಮೊದಲು ಅವರಿಗೆ ಒಂದು ಮಾತು ಕೇಳಿದೆ. "ಅಂಕಲ್, ಹಾರ್ನ್ ಒತ್ತೋದು ಅದರಲ್ಲಿ ಇದೆಯಾ? ಒಂದು ಸಲ ಒತ್ತಿ, ನಾನು ಇಲ್ಲಿ ನೋಡ್ತೀನಿ." ಕಾರಿನ ಎದುರು ನಿಂತೆ. ಅವರು "ಒತ್ತಿದೆ" ಎಂದರು. ಏನೂ ಆಗಲಿಲ್ಲ. ನಾನು ಮನಸ್ಸಿನಲ್ಲೇ ಎಣಿಸತೊಡಗಿದೆ. ಒಂದು, ಎರಡು, ಮೂರು. ಹತ್ತು ದಾಟಿತು. ಹದಿನೆಂಟು ಎನ್ನುವಷ್ಟರಲ್ಲಿ ನಾಲ್ಕೂ ಮೂಲೆಯ ದೀಪ ಹತ್ತಿಕೊಂಡು ಹಾರ್ನ್ ಹೊಡೆಯಿತು. ಅಪ್ಪ ಕಟ್ಟೆಯಿಂದ ಎದ್ದು ನಿಂತರು. "ಗಾಡ್ಯಾಗ ಯಾರ್ ಕೂತಾರವ್ವ?"

ಯಾರೂ ಕೂತಿರಲಿಲ್ಲ. ಆ ಹದಿನೆಂಟು ಎಣಿಕೆಯಲ್ಲಿ ಏನಾಯಿತು ಅಂತ ನಾನು ಆಮೇಲೆ ಕೂತು ಓದಿದೆ. ಕಾರಿನ ಕೈಪಿಡಿ ಓದಿದೆ, ಸರ್ವಿಸ್ ಸೆಂಟರಿನ ಎಲೆಕ್ಟ್ರಿಷಿಯನ್ ತಮ್ಮನನ್ನು ಕೇಳಿದೆ. ಇದು ಬ್ಲೂಟೂತ್ ಅಲ್ಲ. ಫೋನು ನೇರವಾಗಿ ಕಾರಿನ ಜೊತೆ ಮಾತಾಡುವುದೇ ಇಲ್ಲ. ಹೈದರಾಬಾದ್‌ನಲ್ಲಿ ಒತ್ತಿದ ಗುಂಡಿ ಇಂಟರ್ನೆಟ್ ಮೇಲೆ ಕಂಪನಿಯ ಸರ್ವರಿಗೆ ಹೋಗುತ್ತದೆ. ಈ ಖಾತೆಯಲ್ಲಿ ಈ ಕಾರು ಇದೆಯಾ ಅಂತ ಸರ್ವರ್ ನೋಡುತ್ತದೆ. ಇದ್ದರೆ ಆದೇಶವನ್ನು ಮೊಬೈಲ್ ಕಂಪನಿಯ ಮೂಲಕ ನಮ್ಮ ಓಣಿಯ ಟವರಿಗೆ ಕಳಿಸುತ್ತದೆ. ಕಾರಿನೊಳಗೆ ಕಣ್ಣಿಗೆ ಕಾಣದ ಹಾಗೆ ಒಂದು ಪೆಟ್ಟಿಗೆ ಕೂಡಿಸಿರುತ್ತಾರೆ, ಟೆಲಿಮ್ಯಾಟಿಕ್ಸ್ ಕಂಟ್ರೋಲ್ ಯುನಿಟ್ ಅಂತ. ಅದಕ್ಕೆ ತನ್ನದೇ ಸಿಮ್, ತನ್ನದೇ ಆಂಟೆನಾ. ಟವರಿನಿಂದ ಬಂದ ಆದೇಶವನ್ನು ಅದು ಕಾರಿನ ಒಳಗಿನ ತಂತಿಗಳ ಮೇಲೆ ಹಾಕುತ್ತದೆ. ಬಾಗಿಲು, ದೀಪ, ಹಾರ್ನ್ ನೋಡಿಕೊಳ್ಳುವ ಪುಟ್ಟ ಕಂಪ್ಯೂಟರ್ ಆ ಮಾತು ಕೇಳಿ ಕೆಲಸ ಮಾಡುತ್ತದೆ. ಆಯಿತು ಅನ್ನುವ ಉತ್ತರ ಅದೇ ದಾರಿಯಲ್ಲಿ ವಾಪಸ್ ಹೋಗುತ್ತದೆ.

ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಸರ್ವರಿನ ಆ ಒಂದು ಪ್ರಶ್ನೆ. ಅದು ಆರ್‌ಸಿ ಯಾರ ಹೆಸರಿನಲ್ಲಿದೆ ಅಂತ ನೋಡುವುದಿಲ್ಲ. ಆರ್‌ಟಿಒ ಕಡತ ಬೇರೆ, ಕಂಪನಿಯ ಕಡತ ಬೇರೆ. ಒಂದರಲ್ಲಿ ಹೆಸರು ಬದಲಾದರೆ ಇನ್ನೊಂದರಲ್ಲಿ ತಾನಾಗಿ ಬದಲಾಗುವುದಿಲ್ಲ. ಆ್ಯಪ್ ಅಳಿಸಿದರೆ ಅಳಿಯುವುದು ಫೋನಿನಲ್ಲಿರುವ ಚಿತ್ರ ಮಾತ್ರ. ಖಾತೆಯೂ ಕಾರೂ ಸರ್ವರಿನಲ್ಲಿ ಜೋಡಿಯಾಗಿಯೇ ಇರುತ್ತವೆ.

ಇದು ನಮಗೊಬ್ಬರಿಗೇ ಆದದ್ದಲ್ಲ. ಐಬಿಎಂನಲ್ಲಿ ಸೈಬರ್ ಸುರಕ್ಷತೆ ನೋಡಿಕೊಳ್ಳುತ್ತಿದ್ದ ಚಾರ್ಲ್ಸ್ ಹೆಂಡರ್ಸನ್ ಅಮೆರಿಕದಲ್ಲಿ 2017ರಲ್ಲಿಯೇ ಇದನ್ನು ಹೇಳಿದ್ದರು. ತಾವು ವರ್ಷಗಳ ಹಿಂದೆ ಮಾರಿದ ಕಾರು ಇನ್ನೂ ತಮ್ಮ ಫೋನಿನಲ್ಲಿದೆ, ಎಲ್ಲಿದೆ ಅಂತ ನೋಡಬಹುದು, ಬಾಗಿಲು ತೆಗೆಯಬಹುದು ಅಂತ. ಸೈಬರ್ ಸುರಕ್ಷತೆಯಲ್ಲೇ ಬದುಕು ಕಳೆದವರಿಗೇ ಹೀಗಾದರೆ ನಮ್ಮಂಥವರ ಪಾಡೇನು?

ಮರುದಿನ ನಾನೂ ಆ ಹಿರಿಯರೂ ಫೋನಿನಲ್ಲಿ ಜೊತೆಯಾಗಿ ಕೂತು ಕೆಲಸ ಮುಗಿಸಿದೆವು. ಅವರು ಆ್ಯಪ್ ತೆರೆದು ಸೆಟ್ಟಿಂಗ್ಸ್‌ನಲ್ಲಿ ಹಳೆಯ ಕಾರನ್ನು ಖಾತೆಯಿಂದ ತೆಗೆದರು. ಮಗನ ಫೋನನ್ನೂ ಆ ಕಾರಿಗೆ ಸೇರಿಸಿದ್ದು ಆಗ ನೆನಪಾಯಿತು, ಅದನ್ನೂ ತೆಗೆಸಿದರು. ನಾನು ಕಾರಿನಲ್ಲಿ ಕೂತು ದೊಡ್ಡ ಸ್ಕ್ರೀನ್ ನೋಡುತ್ತಾ ಹೋದೆ. ಅದರ ನಕ್ಷೆಯಲ್ಲಿ "ಹೋಮ್" ಅಂತ ಅವರ ಮನೆಯ ವಿಳಾಸ ಹಾಗೇ ಇತ್ತು. ಬ್ಲೂಟೂತ್ ಪಟ್ಟಿಯಲ್ಲಿ ಅವರ ಮನೆಯವರ ಫೋನುಗಳ ಹೆಸರು. ಒಂದು ತಿಂಗಳಿನಿಂದ ಅವರ ಮನೆ ನಮ್ಮ ಅಂಗಳದಲ್ಲಿ ನಿಂತಿತ್ತು, ನಮ್ಮ ಮನೆ ಅವರ ಜೇಬಿನಲ್ಲಿತ್ತು. ಸ್ಕ್ರೀನನ್ನು ಫ್ಯಾಕ್ಟರಿ ರೀಸೆಟ್ ಮಾಡಿದೆ. ಮತ್ತೆ ಹಾರ್ನ್ ಒತ್ತಿ ನೋಡಿ ಎಂದೆ. "ಒತ್ತಲಿಕ್ಕೆ ಕಾರೇ ಇಲ್ಲ ಬೇಟಿ" ಎಂದರು. ಆಗ ಸಮಾಧಾನವಾಯಿತು.

ನನ್ನ ಫೋನಿಗೆ ಸೇರಿಸುವುದು ಅಷ್ಟು ಬೇಗ ಆಗಲಿಲ್ಲ. ಸರ್ವಿಸ್ ಸೆಂಟರಿನವರು ಆರ್‌ಸಿ ಮತ್ತು ಗುರುತಿನ ಚೀಟಿ ಕೇಳಿದರು. ಆರ್‌ಸಿ ಇನ್ನೂ ಬಂದಿರಲಿಲ್ಲ. ಕಾಯಬೇಕಾಯಿತು, ಆದರೆ ಹಾಗೆ ಕೇಳಿದ್ದು ನನಗೆ ಒಳ್ಳೆಯದೇ ಅನಿಸಿತು. ಚಾಸಿಸ್ ನಂಬರ್ ಹೇಳಿದವರಿಗೆಲ್ಲ ಕಾರು ಕೊಟ್ಟುಬಿಟ್ಟರೆ? 2016ರಲ್ಲಿ ನಿಸ್ಸಾನ್ ಲೀಫ್ ಎನ್ನುವ ಎಲೆಕ್ಟ್ರಿಕ್ ಕಾರಿಗೆ ಹಾಗೇ ಆಗಿತ್ತು. 17 ಅಕ್ಷರ-ಅಂಕಿಗಳ ವಾಹನ ಗುರುತಿನ ಸಂಖ್ಯೆ, ಅಂದರೆ ಅದೇ ಚಾಸಿಸ್ ನಂಬರ್, ಗೊತ್ತಿದ್ದರೆ ಸಾಕು, ಪಾಸ್‌ವರ್ಡ್ ಇಲ್ಲದೆ ಯಾರದೋ ಕಾರಿನ ಎಸಿ ಹಾಕಬಹುದಿತ್ತು. ಆ ಸಂಖ್ಯೆ ಮುಂದಿನ ಗಾಜಿನ ಕೆಳಗೇ ಕಾಣುತ್ತದೆ. ಆಸ್ಟ್ರೇಲಿಯಾದ ಸೈಬರ್ ಸುರಕ್ಷತಾ ತಜ್ಞ ಟ್ರಾಯ್ ಹಂಟ್ ಇದನ್ನು ತೋರಿಸಿದ ಮೇಲೆ ಕಂಪನಿ ಆ ಆ್ಯಪನ್ನೇ ಕೆಲಕಾಲ ನಿಲ್ಲಿಸಿತು. 2024ರಲ್ಲಿ ಇಂಥದೇ ಲೋಪ ಹುಡುಕುವ ಸ್ಯಾಮ್ ಕರಿ ಮತ್ತು ಅವರ ಗೆಳೆಯರು ಅಮೆರಿಕದ ಕಿಯಾ ಕಾರುಗಳ ವಿಷಯ ಹೊರಗೆ ತಂದರು. ನಂಬರ್ ಪ್ಲೇಟ್ ಒಂದರಿಂದಲೇ ಸುಮಾರು 30 ಸೆಕೆಂಡಿನಲ್ಲಿ ಕಾರನ್ನು ತಮ್ಮ ಹಿಡಿತಕ್ಕೆ ತಂದುಕೊಳ್ಳುವ ದಾರಿ ಕಂಪನಿಯ ವೆಬ್‌ಸೈಟಿನಲ್ಲಿತ್ತು. ಅವರು ಮೊದಲು ಕಂಪನಿಗೆ ತಿಳಿಸಿ, ಅದು ಸರಿಯಾದ ಮೇಲೆ ಜನರಿಗೆ ಹೇಳಿದರು. ಇಂಥವರಿಗೆ ನಾವು ಋಣಿಯಾಗಿರಬೇಕು. ನನ್ನ ಲೆಕ್ಕದಲ್ಲಿ ಆ ಹೈದರಾಬಾದಿನ ಹಿರಿಯರೂ ಅದೇ ಸಾಲಿನವರು.

ಏಪ್ರಿಲ್‌ನಲ್ಲಿ ಆರ್‌ಸಿ ಬಂತು. ಕಾರಿನ ಸ್ಕ್ರೀನಿನಲ್ಲಿ ಒಂದು ಕೋಡ್, ನನ್ನ ಫೋನಿಗೆ ಒಂದು ಒಟಿಪಿ, ಆಮೇಲೆ ನಾನೇ ಇಟ್ಟ ನಾಲ್ಕಂಕಿಯ ಪಿನ್. ಜೋಡಣೆ ಮುಗಿಯಿತು.

ಈಗ ಆ ಬಿಸಿಲಿನ ಮಾತಿಗೆ ಬರುತ್ತೇನೆ. ಮೇ ತಿಂಗಳು, ಮಧ್ಯಾಹ್ನ ಒಂದೂವರೆ. ಆಸ್ಪತ್ರೆ ಎದುರು ಬೇವಿನ ಮರದ ನೆರಳಲ್ಲಿ ಬೆಳಿಗ್ಗೆ ನಿಲ್ಲಿಸಿದ್ದ ಕಾರಿನ ಮೇಲಿಂದ ನೆರಳು ಯಾವಾಗಲೋ ಸರಿದು ಹೋಗಿತ್ತು. ಮೊದಲಿನ ಕಾರಾಗಿದ್ದರೆ ನಾನು ಓಡಿಹೋಗಿ ನಾಲ್ಕೂ ಬಾಗಿಲು ತೆಗೆದು, ಸ್ಟೀರಿಂಗಿಗೆ ಒದ್ದೆ ಟವೆಲ್ ಹಾಕಿ, ಸೀಟ್ ಬೆಲ್ಟಿನ ಕಬ್ಬಿಣದ ಕೊಂಡಿ ಅಪ್ಪನ ಕೈಗೆ ತಾಗದ ಹಾಗೆ ಹಿಡಿಯಬೇಕಿತ್ತು. ಆ ಕೊಂಡಿ ಸುಟ್ಟ ಗುರುತು ನನ್ನ ಬೆರಳಿನ ಮೇಲೆ ಇನ್ನೂ ಇದೆ. ಈ ಸಲ ಔಷಧಿ ಅಂಗಡಿಯ ಸಾಲಿನಲ್ಲಿ ನಿಂತೇ ಆ್ಯಪ್ ತೆರೆದು 22 ಡಿಗ್ರಿ ಇಟ್ಟು ಒತ್ತಿದೆ. ಗುಳಿಗೆ ತಗೊಂಡು, ಬಿಲ್ಲು ನೋಡಿ, ಅಪ್ಪನ ಕೈ ಹಿಡಿದು ಮೆಲ್ಲಗೆ ನಡೆದು ಬರುವಷ್ಟರಲ್ಲಿ ಏಳೆಂಟು ನಿಮಿಷ ಆಗಿತ್ತು. ಬಾಗಿಲು ತೆಗೆದೆ. ಅಪ್ಪ ಒಳಗೆ ಕೂತು ಸೀಟಿನ ಮೇಲೆ ಅಂಗೈ ಇಟ್ಟು ಸವರಿ ನೋಡಿದರು. "ತಂಪದ ನೋಡು" ಎಂದರು. ಆ ಒಂದು ಮಾತಿಗಾಗಿ ಇಷ್ಟೆಲ್ಲ ಓಡಾಡಿದ್ದು ಸಾರ್ಥಕವಾಯಿತು.

ಆದರೆ ಕೆಲವು ವಿಷಯ ಗೊತ್ತಿರಬೇಕು. ನಮ್ಮ ಕಾರು ಹೀಗೆ ಸ್ಟಾರ್ಟ್ ಆದರೆ ಹತ್ತು ನಿಮಿಷಕ್ಕೆ ತಾನೇ ಬಂದ್ ಆಗುತ್ತದೆ. ಗೇರು ಪಾರ್ಕಿಂಗಿನಲ್ಲಿರಬೇಕು, ಬಾಗಿಲು, ಬಾನೆಟ್ ಎಲ್ಲ ಮುಚ್ಚಿ ಲಾಕ್ ಆಗಿರಬೇಕು. ಎಂಜಿನ್ ಓಡುತ್ತಿದ್ದರೂ ಕೀ ಇಲ್ಲದೆ ಯಾರೂ ಓಡಿಸಿಕೊಂಡು ಹೋಗಲಾಗದು. ಮತ್ತೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಶಟರ್ ಎಳೆದ ಶೆಡ್ಡಿನಲ್ಲಿ ಕಾರು ಇದ್ದರೆ ಇದನ್ನು ಒತ್ತಲೇಬೇಡಿ. ಎಸಿ ಹಾಕಿದೆ ಅಂತ ನಮಗೆ ಅನಿಸುತ್ತದೆ, ಆದರೆ ಅಲ್ಲಿ ಪೆಟ್ರೋಲ್ ಎಂಜಿನ್ ಓಡುತ್ತಿರುತ್ತದೆ. ಅದರ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ, ಮುಚ್ಚಿದ ಜಾಗದಲ್ಲಿ ಜೀವ ತೆಗೆಯುತ್ತದೆ. ಮನೆಗೆ ಅಂಟಿಕೊಂಡ ಶೆಡ್ಡಾದರೆ ಇನ್ನೂ ಅಪಾಯ. ಆ್ಯಪ್ ನಿಮ್ಮನ್ನು "ಕಾರು ಎಲ್ಲಿ ನಿಂತಿದೆ?" ಅಂತ ಕೇಳುವುದಿಲ್ಲ.

ಇದನ್ನು ನಂಬಿ ಕೀ ಮನೆಯಲ್ಲಿ ಬಿಟ್ಟು ಹೋಗುವುದೂ ಬೇಡ. ಹುಣ್ಣಿಮೆಗೆ ಗಾಣಗಾಪುರಕ್ಕೆ ಹೋಗಿದ್ದೆವು. ಜನವೋ ಜನ. ಎಲ್ಲರ ಕೈಯಲ್ಲೂ ಫೋನು, ಟವರಿಗೆ ಉಸಿರಾಡಲೂ ಜಾಗ ಇಲ್ಲ. ದರ್ಶನ ಮುಗಿಸಿ ಎಸಿ ಒತ್ತಿದರೆ ಚಕ್ರ ತಿರುಗಿದ್ದೇ ತಿರುಗಿದ್ದು, ಕೊನೆಗೆ ಆಗಲಿಲ್ಲ ಅಂತ ಬಂತು. ಚಿಂಚೋಳಿ ಕಾಡಿನ ದಾರಿಯಲ್ಲೂ ಹೀಗೇ. ಕಾರಿನ ಸಿಮ್ಮಿಗೆ ಸಿಗ್ನಲ್ ಬೇಕು, ನಮ್ಮ ಫೋನಿಗೂ ಬೇಕು, ನಡುವೆ ಸರ್ವರೂ ಎಚ್ಚರ ಇರಬೇಕು. ಮೂರರಲ್ಲಿ ಒಂದು ಕೈಕೊಟ್ಟರೂ ಕೆಲಸ ನಿಂತಿತು. ಇನ್ನೊಂದು ಸಲ ಮಿಲ್ಲಿನಲ್ಲಿ ತೊಗರಿ ಸೀಸನ್ ಜೋರಾಗಿ ಹನ್ನೆರಡು ದಿನ ಕಾರು ತೆಗೆಯಲೇ ಇಲ್ಲ. ಆಮೇಲೆ ಆ್ಯಪಿಗೆ ಕಾರು ಓಗೊಡಲಿಲ್ಲ. ಕೆಟ್ಟಿತೇನೋ ಅಂತ ಗಾಬರಿಯಾದೆ. ಆ ಪೆಟ್ಟಿಗೆ 12 ವೋಲ್ಟಿನ ಬ್ಯಾಟರಿಯಿಂದ ಸ್ವಲ್ಪ ಸ್ವಲ್ಪ ಕರೆಂಟು ಹೀರುತ್ತಿರುತ್ತದೆ. ಕಾರು ಬಹಳ ದಿನ ನಿಂತರೆ ಬ್ಯಾಟರಿ ಉಳಿಸಲು ಅದು ಮಲಗಿಬಿಡುತ್ತದೆ. ಕೀ ಹಾಕಿ ಒಂದು ಸಲ ಸ್ಟಾರ್ಟ್ ಮಾಡಿದೆ, ಎದ್ದಿತು.

ದುಡ್ಡಿನ ವಿಷಯವೂ ಇದೆ. ಮೊದಲ ಕೆಲವು ವರ್ಷ ಸೇವೆ ಉಚಿತ ಇರುತ್ತದೆ, ಆಮೇಲೆ ವರ್ಷವರ್ಷ ಕಟ್ಟಬೇಕು. ನಮ್ಮದು ಕಳೆದ ವರ್ಷವೇ ಮುಗಿಯಿತು, ಅಪ್ಪನಿಗಾಗಿ ಕಟ್ಟಿದೆ. ಕಟ್ಟದಿದ್ದರೂ ಕಾರು ಓಡುತ್ತದೆ, ಫೋನಿನ ಕೀ ಮಾತ್ರ ಹೋಗುತ್ತದೆ. ಹಳೆಯ ಕಾರು ತೆಗೆದುಕೊಳ್ಳುವವರು ಎಷ್ಟು ವರ್ಷ ಬಾಕಿ ಇದೆ ಅಂತ ಕೇಳಿ. ಅಮೆರಿಕದಲ್ಲಿ 2022ರಲ್ಲಿ 3ಜಿ ನೆಟ್‌ವರ್ಕ್ ನಿಲ್ಲಿಸಿದಾಗ ಅದನ್ನೇ ನಂಬಿದ್ದ ಎಷ್ಟೋ ಕಾರುಗಳ ಈ ಸೇವೆ ಶಾಶ್ವತವಾಗಿ ನಿಂತುಹೋಯಿತು. ಕಾರಿನ ಆಯಸ್ಸು ಹದಿನೈದು ವರ್ಷ, ಸಿಮ್ಮಿನದು ಅಷ್ಟಿರುವುದಿಲ್ಲ.

ಹ್ಯುಂಡೈ ಕಂಪನಿಯ ಇಂಥ ಸೇವೆ ಬ್ಲೂಲಿಂಕ್ 2019ರಲ್ಲಿ ವೆನ್ಯೂ ಕಾರಿನ ಜೊತೆ ನಮ್ಮ ದೇಶಕ್ಕೆ ಬಂತು. ಅದೇ ವರ್ಷ ಎಂಜಿ ಹೆಕ್ಟರ್ ಐ-ಸ್ಮಾರ್ಟ್ ತಂದಿತು. ಈಗ ಕಿಯಾ, ಟಾಟಾ, ಮಹೀಂದ್ರಾ, ಮಾರುತಿ, ಟೊಯೊಟಾ ಎಲ್ಲರದ್ದೂ ಒಂದೊಂದು ಹೆಸರಿನಲ್ಲಿ ಇದೆ. ಅಂದರೆ ಆ ಮೊದಲ ಕಾರುಗಳೆಲ್ಲ ಈಗ ಎರಡನೆಯ, ಮೂರನೆಯ ಕೈಗೆ ಹೋಗುತ್ತಿವೆ. ನಮ್ಮ ಕಡೆಗೆ ಹೈದರಾಬಾದ್, ಸೊಲ್ಲಾಪುರ, ಪುಣೆಯಿಂದ ಹಳೆಯ ಕಾರು ಎಷ್ಟು ಬರುತ್ತವೆ ಅಂತ ರಿಂಗ್ ರೋಡಿನಲ್ಲಿ ಅರ್ಧ ಗಂಟೆ ನಿಂತು ನೋಡಿದರೆ ಗೊತ್ತಾಗುತ್ತದೆ.

ಇನ್ನು ಮನೆಯೊಳಗಿನ ಮಾತು. ಮಗ ಕಾಲೇಜಿಗೆ ಹೋಗುತ್ತಾನೆ, ಲೈಸೆನ್ಸ್ ಆಗಿದೆ. ಅವನು ಕಾರು ತೆಗೆದರೆ ಎಲ್ಲಿದ್ದಾನೆ, ಎಷ್ಟು ಸ್ಪೀಡ್, ಊರಿನ ಗಡಿ ದಾಟಿದನಾ ಎಲ್ಲ ನನ್ನ ಫೋನಿಗೆ ಬರುವ ಹಾಗೆ ಇಡಬಹುದು. ನಮ್ಮ ಮನೆಯವರು "ಅವನಿಗೆ ಹೇಳೋದು ಬ್ಯಾಡ" ಎಂದರು. ನಾನು ಒಪ್ಪಲಿಲ್ಲ. ನನ್ನ ಮೇಲೆ ಯಾರೋ ಗೊತ್ತಿಲ್ಲದೆ ಕಣ್ಣಿಟ್ಟಿದ್ದಾರೆ ಅನಿಸಿದಾಗ ಆ ಸಂಜೆ ನನಗೆ ಹೇಗಾಗಿತ್ತು ಅಂತ ನನಗೆ ಗೊತ್ತು. ಮಗನನ್ನು ಕೂಡಿಸಿಕೊಂಡು ಸ್ಕ್ರೀನ್ ತೋರಿಸಿ ಹೇಳಿದೆ. 80 ದಾಟಿದರೆ ನನಗೆ ಮೆಸೇಜ್ ಬರುತ್ತದೆ, ಅಷ್ಟೇ, ಉಳಿದದ್ದು ನಾನು ನೋಡುವುದಿಲ್ಲ ಅಂತ. "ಆಯ್ತವ್ವ" ಎಂದ. ನಾನೂ ಮಾತು ಉಳಿಸಿಕೊಂಡಿದ್ದೇನೆ. ಆ್ಯಪಿನಲ್ಲಿ ಡ್ರೈವಿಂಗಿಗೆ ಅಂಕ ಕೊಡುವುದೊಂದಿದೆ. ಅದಕ್ಕೆ ಒಪ್ಪಿಗೆ ಕೇಳಿದಾಗ ನಾನು ಕೊಡಲಿಲ್ಲ. ಅಮೆರಿಕದಲ್ಲಿ ಜನರಲ್ ಮೋಟರ್ಸ್ ಹೀಗೆ ಕೂಡಿಸಿದ ಮಾಹಿತಿ, ಜನ ಎಲ್ಲಿ ಜೋರಾಗಿ ಬ್ರೇಕ್ ಹಾಕಿದರು, ರಾತ್ರಿ ಎಷ್ಟು ಓಡಿಸಿದರು ಅನ್ನುವುದೆಲ್ಲ, ಬೇರೆ ಕಂಪನಿಗಳ ಮೂಲಕ ವಿಮೆಯವರ ತನಕ ಹೋಗಿತ್ತು. 2025ರ ಜನವರಿಯಲ್ಲಿ ಅಲ್ಲಿನ ಸರಕಾರಿ ಸಂಸ್ಥೆ ಎಫ್‌ಟಿಸಿ ಆ ಕಂಪನಿಯ ಮೇಲೆ ಕ್ರಮ ತಗೊಂಡಿತು. ಒಪ್ಪಿಗೆಯ ಪುಟ ಉದ್ದ ಇರುತ್ತದೆ, ಓದಲು ಬೇಸರ ಬರುತ್ತದೆ, ಗೊತ್ತು. ಒಂದು ರಾತ್ರಿ ಓದಿ.

ಹೋದ ವಾರ ಮಿಲ್ಲಿನಲ್ಲಿ ಊಟಕ್ಕೆ ಕೂತಾಗ ನಮ್ಮ ಸಾಹುಕಾರರು ಹೊಸ ಕಾರಿನ ಮಾತು ತೆಗೆದರು. ಹಳೆಯದನ್ನು ಎರಡು ತಿಂಗಳ ಹಿಂದೆ ಅಫಜಲಪುರದ ಒಬ್ಬರಿಗೆ ಕೊಟ್ಟಿದ್ದರು. ನಾನು ರೊಟ್ಟಿ ಮುರಿಯುವುದು ಬಿಟ್ಟು ಕೇಳಿದೆ. "ಸಾಹುಕಾರ್ರೆ, ಫೋನಿನ್ಯಾಗಿಂದ ಆ ಗಾಡಿ ತೆಗದೀರೇನ್ರಿ?"

"ಅದೇನು ತೆಗಿಯೋದದ? ಕೀ ಕೊಟ್ಟೀನಲ್ಲ."

ಆ್ಯಪ್ ತೆರೆಯಿರಿ ಎಂದೆ. ತೆರೆದರು. ಸ್ವಲ್ಪ ಹೊತ್ತು ಚಕ್ರ ತಿರುಗಿತು. ನಕ್ಷೆ ಬಂತು, ಅಫಜಲಪುರದ ಬಸ್ ಸ್ಟ್ಯಾಂಡ್ ಪಕ್ಕದಲ್ಲಿ ನೀಲಿ ಚುಕ್ಕೆ. ಬಾಗಿಲು ಲಾಕ್ ಆಗಿದೆ, ಪೆಟ್ರೋಲ್ ಅರ್ಧ ಟ್ಯಾಂಕ್. ಸಾಹುಕಾರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಆಮೇಲೆ ಫೋನನ್ನು ನನ್ನ ಕಡೆ ಚಾಚಿ, "ಎಲ್ಲಿ ಒತ್ತಬೇಕು ತೋರಿಸವ್ವ" ಎಂದರು. ನಾನು ತೋರಿಸಿದೆ, ಅವರೇ ಒತ್ತಿದರು. ಚುಕ್ಕೆ ಹೋಯಿತು. ಊಟ ಅರ್ಧಕ್ಕೇ ಬಿಟ್ಟು, ಕೈ ತೊಳೆದು, ಅಫಜಲಪುರಕ್ಕೆ ಫೋನ್ ಹಚ್ಚಿದರು.